ಬಾರಿ ಬಾರಿಗೂ ಕಟ್ಟುವ ಊರು: ಕಛ್‌ನ ರಾಜಹಂಸಗಳ ಕಥೆ

ಉಜನಿ ಧರಣದ ಹಿನ್ನೀರಿಗೆ ಚಳಿಗಾಲದಾಗ ಬರುವ ಉದ್ದ ಕಾಲಿನ ಗುಲಾಬಿ ಹಕ್ಕಿಯನ್ನು ನಮ್ಮ ಸೋಲಾಪುರ ಜಿಲ್ಲೆಯ ಬಹಳ ಮಂದಿ ನೋಡ್ಯಾರ. ಕನ್ನಡದಲ್ಲಿ ಅದಕ್ಕೆ ರಾಜಹಂಸ ಅಂತೀವಿ, ಮರಾಠಿಯವರು ರೋಹಿತ ಅಂತಾರ, ಪೇಪರಿನಾಗ ಫ್ಲೆಮಿಂಗೋ ಅಂತ ಬರ್ತದ. ಭೀಮೆಯ ಕೆಸರಿನಾಗ ತಿಂದುಂಡು ಇರ್ತಾವ, ಆದರೆ ಇಲ್ಲಿ ಮೊಟ್ಟೆ ಇಡೂದಿಲ್ಲ. ಅವುಗಳ ತವರು ಬೇರೆ. ಭಾರತದಲ್ಲಿ ಆ ತವರಿನ ಹೆಸರು ಕಛ್‌ನ ದೊಡ್ಡ ರಣ್. ಆ ತವರಿನ ಇತಿಹಾಸವನ್ನು ನಮ್ಮ ಮಂದಿ ಓದಬೇಕು ಅಂತ ನನಗನ್ನಿಸಿದ್ದರಿಂದ ಈ ಬರಹ.

ಗುಜರಾತದ ಕಛ್ ಜಿಲ್ಲೆಯ ಉತ್ತರಕ್ಕೆ ಹಬ್ಬಿದ ಉಪ್ಪಿನ ಬಯಲೇ ದೊಡ್ಡ ರಣ್. ಬೇಸಿಗೆಯಲ್ಲಿ ನೆಲ ಬಿರಿದು ಬೆಳ್ಳಗೆ ಉಪ್ಪು ಕಟ್ಟುತ್ತದೆ. ಮಳೆಗಾಲದಲ್ಲಿ ನೈಋತ್ಯದ ಗಾಳಿ ಕೋರಿ ಕೊಲ್ಲಿಯ ಕಡೆಯಿಂದ ಸಮುದ್ರದ ನೀರನ್ನು ಒಳಕ್ಕೆ ತಳ್ಳುತ್ತದೆ. ಪೂರ್ವದಿಂದ ಲೂಣಿ ನದಿಯ ನೀರು ಬಂದು ಸೇರುತ್ತದೆ. ಆಗ ಇಡೀ ಬಯಲು ತೆಳ್ಳನೆಯ ಕೆರೆಯಾಗುತ್ತದೆ. ನಡುವೆ ಎದ್ದು ನಿಂತ ದಿಬ್ಬಗಳಿಗೆ ಅಲ್ಲಿಯವರು ‘ಬೇಟ್’ ಅನ್ನುತ್ತಾರೆ. ಧೋಲಾವೀರಾ ಇರುವ ಖದಿರ್ ಅಂಥದೇ ಒಂದು ಬೇಟ್.

ಈ ನೆಲ ನಿಂತ ನೆಲವಲ್ಲ. 1819ರ ಜೂನ್ 16ರಂದು ಇಲ್ಲಿ ಭಾರಿ ಭೂಕಂಪವಾಯಿತು. ಸಿಂದ್ರಿ ಎಂಬ ಕೋಟೆಯ ಸುತ್ತಲ ನೆಲ ಕುಸಿದು ನೀರು ನುಗ್ಗಿತು. ಒಳಗಿದ್ದವರು ಬುರುಜು ಹತ್ತಿ ಜೀವ ಉಳಿಸಿಕೊಂಡರು. ಅದರ ಉತ್ತರಕ್ಕೆ ಹತ್ತಾರು ಮೈಲಿ ಉದ್ದಕ್ಕೆ ನೆಲ ಒಡ್ಡಿನಂತೆ ಮೇಲೆದ್ದಿತು. ಮನುಷ್ಯರು ಕಟ್ಟಿದ ಒಡ್ಡಲ್ಲ ಅಂತ ಜನ ಅದನ್ನು ‘ಅಲ್ಲಾ ಬಂದ್’ ಎಂದು ಕರೆದರು. ಸಿಂಧೂ ನದಿಯ ಕವಲೊಂದರ ದಾರಿಗೆ ಅದು ಅಡ್ಡ ಬಂತು. 1826ರಲ್ಲಿ ಸಿಂಧೂ ನೆರೆ ಬಂದು ಅದನ್ನೂ ಕೊರೆದುಕೊಂಡು ಹೋಯಿತು. ಅಂದರೆ ಏಳೇ ವರ್ಷದಾಗ ನೀರಿನ ದಾರಿ ಎರಡು ಸಲ ಬದಲಾಯಿತು ನೋಡ್ರಿ.

ಇಂಥ ನೆಲದ ಮೇಲೆ ರಾಜಹಂಸಗಳು ಮರಿ ಮಾಡುತ್ತವೆ ಎಂಬ ವಿಷಯ 19ನೇ ಶತಮಾನದ ಕೊನೆಗೆ ಮಹಾರಾವ್ ಖೇಂಗಾರ್‌ಜಿ ಅವರ ಕಾಲದಲ್ಲಿ ಹೊರಗಿನವರಿಗೆ ತಿಳಿಯಿತು. 1945ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಪಚ್ಛಮ್ ಬೇಟ್‌ನ ಆಚೆ ಒಂಟೆಯ ಮೇಲೆ ಹೋಗಿ ಆ ಜಾಗ ನೋಡಿದರು. ಒಂದು ಲಕ್ಷಕ್ಕೂ ಹೆಚ್ಚು ಗೂಡು, ದೊಡ್ಡವು ಮರಿ ಎಲ್ಲ ಸೇರಿ ಸುಮಾರು 5 ಲಕ್ಷ ಹಕ್ಕಿ ಅಂತ ಅವರ ಅಂದಾಜು. ‘ಫ್ಲೆಮಿಂಗೋ ನಗರ’ ಎಂಬ ಹೆಸರು ಅದಕ್ಕೆ ನಿಂತಿತು. ಅದೇ ವರ್ಷ ಕಛ್‌ನ ಪಕ್ಷಿಗಳ ಕುರಿತ ಅವರ ಪುಸ್ತಕವೂ ಅಚ್ಚಾಯಿತು.

ನಗರ ಅಂದ ಕೂಡಲೇ ಅದು ಸದಾ ಇರ್ತದ ಅಂತ ತಿಳೀಬಾರದು. ಈ ಹಕ್ಕಿ ಕೆಸರನ್ನು ಕೊಕ್ಕಿನಿಂದ ಎಳೆದು ಸಣ್ಣ ಗುಮ್ಮಟದಂಥ ಗೂಡು ಕಟ್ಟಿ, ಮೇಲಿನ ತಗ್ಗಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಕಾವಿಗೆ ಸುಮಾರು ಒಂದು ತಿಂಗಳು, ಮರಿ ಹಾರಲು ಎರಡೂವರೆ ತಿಂಗಳು. ಅಷ್ಟೂ ದಿನ ಸುತ್ತ ನೀರು ನಿಲ್ಲಬೇಕು. ನೀರು ಹೆಚ್ಚಾದರೆ ಗೂಡು ಕರಗುತ್ತದೆ. ಬೇಗ ಬತ್ತಿದರೆ ನರಿ, ನಾಯಿ ನಡೆದೇ ಬರುತ್ತವೆ. ಹಾರಲು ಬಾರದ ಮರಿಗಳು ನೀರು ಹುಡುಕುತ್ತಾ ಉಪ್ಪಿನ ಮೇಲೆ ನಡೆದು ಸಾಯುತ್ತವೆ. ಆದ್ದರಿಂದ ಮಳೆ ಸರಿಯಾಗದ ವರ್ಷ ನಗರವೇ ಏಳುವುದಿಲ್ಲ. ಆದ ವರ್ಷವೂ ನೀರು ಎಲ್ಲಿ ಹದವಾಗಿದೆಯೋ ಅಲ್ಲಿ ಏಳುತ್ತದೆ. ನಮ್ಮ ಕುರಿಗಾರರು ಮೇವು ನೀರು ನೋಡಿ ಹಟ್ಟಿ ಹಾಕಿದ ಹಾಗೆಯೇ ಇದು.

ಈ ಬಯಲಿನ ಮೇಲೆ ಗಡಿ ಎಳೆದದ್ದು ಮನುಷ್ಯರು. 1956ರಿಂದ 1960ರವರೆಗೆ ಕಛ್ ಮತ್ತು ನಮ್ಮ ಸೋಲಾಪುರ ಒಂದೇ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿದ್ದವು ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. 1960ರ ಮೇ 1ರಂದು ಅವರು ಗುಜರಾತಿಗೆ ಹೋದರು, ನಾವು ಮಹಾರಾಷ್ಟ್ರದಲ್ಲಿ ಉಳಿದೆವು. 1965ರಲ್ಲಿ ರಣ್‌ನಲ್ಲಿ ಭಾರತ ಪಾಕಿಸ್ತಾನದ ಸೈನ್ಯಗಳು ಕಾದಾಡಿದವು. 1968ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ವಿವಾದದ ನೆಲದ ಸುಮಾರು ಹತ್ತನೇ ಒಂದು ಪಾಲನ್ನು ಪಾಕಿಸ್ತಾನಕ್ಕೆ ಕೊಟ್ಟು ಉಳಿದದ್ದನ್ನು ಭಾರತಕ್ಕೆ ಕೊಟ್ಟಿತು. ನೀರಿಗೂ ಹಕ್ಕಿಗೂ ಆ ಗೆರೆ ಇವತ್ತಿಗೂ ಗೊತ್ತಿಲ್ಲ.

1986ರಲ್ಲಿ ರಣ್‌ನ 7,500 ಚದರ ಕಿಲೋಮೀಟರಿಗೂ ಮಿಕ್ಕಿದ ಭಾಗ ಅಭಯಾರಣ್ಯವಾಯಿತು. ಇಷ್ಟು ದೊಡ್ಡ ಖಾಲಿ ಬಯಲು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ರಣ್ ದಾಟುವ ರಸ್ತೆಯ ಯೋಜನೆ ಬಂದಾಗ ಪಕ್ಷಿತಜ್ಞರು ಆಕ್ಷೇಪ ಎತ್ತಿದ್ದು ಇದೇ ಕಾರಣಕ್ಕೆ: ರಸ್ತೆಯ ಏರಿ ಅಂದರೆ ನೀರಿಗೆ ಒಡ್ಡು. ನೀರು ಹರಿಯುವ ದಾರಿ ತಪ್ಪಿದರೆ ಗೂಡಿನ ಹದವೂ ತಪ್ಪುತ್ತದೆ. ರಾತ್ರಿ ಹಾರುವ ಈ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಉಂಟು.

ನನ್ನ ಮಾತು ಇಷ್ಟೇ. ಕೋಟೆ, ಗುಡಿ, ಶಾಸನ ಇದ್ದಲ್ಲಿ ಮಾತ್ರ ಇತಿಹಾಸ ಇದೆ ಎಂದು ನಾವು ಕಲಿತಿದ್ದೇವೆ, ಕಲಿಸುತ್ತಲೂ ಇದ್ದೇವೆ. ಸ್ಥಳ ಬದಲಿಸುವವರ ಇತಿಹಾಸಕ್ಕೆ ಉತಾರದಲ್ಲಿ ಸಾಲಿಲ್ಲ. ಕುರಿಹಟ್ಟಿಗೂ ಇಲ್ಲ, ಕಬ್ಬು ಕಡಿಯಲು ಹೋಗುವವರ ಗುಡಿಸಲಿಗೂ ಇಲ್ಲ, ರಾಜಹಂಸದ ಊರಿಗೂ ಇಲ್ಲ. ಈ ವರ್ಷ ಗೂಡು ಇದ್ದ ಜಾಗಕ್ಕಷ್ಟೇ ಬೇಲಿ ಹಾಕಿದರೆ ಸಾಲದು. ಮುಂದೆ ಗೂಡು ಏಳಬಹುದಾದ ಖಾಲಿ ಜಾಗವನ್ನೂ ಕಾಯಬೇಕು. ಖಾಲಿ ಅಂತ ಕಾಣುವ ಜಾಗಕ್ಕೂ ಯಾರೋ ವಾರಸುದಾರರು ಇರ್ತಾರ. ಅವರು ಈ ವರ್ಷ ಬಂದಿಲ್ಲ, ಅಷ್ಟ.