ದೂರ ಅಷ್ಟೇ, ಹೊತ್ತು ಬೇರೆ

ಬೆಂಗಳೂರಿಗೂ ಮೈಸೂರಿಗೂ ನಡುವೆ ಎಷ್ಟು ದೂರ? ಭೂಗೋಳದ ಪಾಠದಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ. ರೈಲುಹಾದಿಯಲ್ಲಿ ಸುಮಾರು 138 ಕಿಲೋಮೀಟರ್. ಚರಿತ್ರೆಯ ಪಾಠದಲ್ಲಿ ಮಾತ್ರ ಕಾಲಕ್ಕೊಂದು ಉತ್ತರ, ಏಕೆಂದರೆ ಅಲ್ಲಿ ದೂರವನ್ನು ಅಳೆಯುವುದು ಹೊತ್ತಿನಿಂದ. ಆ ಹೊತ್ತು ಕಿರಿದಾದಾಗಲೆಲ್ಲ ನಡುವಿನ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಅದೃಷ್ಟವೂ ಹೊರಳಿದೆ.

ಮೊದಲು ಎತ್ತಿನ ನಡಿಗೆಯ ಕಾಲವನ್ನು ನೋಡೋಣ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪು ಸುಲ್ತಾನನ ಸೇನೆಗೂ ಕಾಳಗವಾಯಿತು. ಆಮೇಲೆ ಆಂಗ್ಲರ ಸೇನೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟದ್ದು ಏಪ್ರಿಲ್ 5ರಂದು. ಇಂದು ಬಸ್ಸಿನಲ್ಲಿ ಒಂದೆರಡು ಗಂಟೆಯ ಹಾದಿಗೆ ಅಂದು ಒಂಬತ್ತು ದಿನ! ಫಿರಂಗಿ ಎಳೆಯುವ ಎತ್ತುಗಳ ವೇಗವೇ ಸಾಮ್ರಾಜ್ಯದ ವೇಗವಾಗಿತ್ತು.

1876–78ರ ಭೀಕರ ಕ್ಷಾಮದ ಬೆನ್ನಿಗೇ ಮೀಟರ್‌ಗೇಜ್ ರೈಲುಹಾದಿ ಬಂದಿತು. 1881ರಲ್ಲಿ ಮಂಡ್ಯದವರೆಗೆ, 1882ರಲ್ಲಿ ಮೈಸೂರಿನವರೆಗೆ. ದಿನಗಳ ಪಯಣ ಗಂಟೆಗಳಿಗೆ ಇಳಿಯಿತು. ಆದರೂ ರೈಲು ನಡುವಿನ ಊರುಗಳನ್ನು ಮರೆಯಲಿಲ್ಲ, ಅದು ನಿಲ್ಲಬೇಕಿತ್ತು. ನಿಂತ ಆ ಕೆಲವು ನಿಮಿಷಗಳಲ್ಲಿಯೇ ಮದ್ದೂರು ವಡೆ ನಾಡಿನ ನಾಲಗೆಗೆ ಪರಿಚಯವಾಯಿತು.

ಮಳವಳ್ಳಿಗೆ ರೈಲು ಬರಲಿಲ್ಲ. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರನ್ನು ಬೆಳಗಿತು. ವೇಗವು ನಮ್ಮ ತಲೆಯ ಮೇಲೆಯೇ ಹಾದುಹೋಗುವ ಪರಿಗೆ ಇದು ಮೊದಲ ನಿದರ್ಶನ.

ಆಕಾಶಮಾರ್ಗದ ಕಥೆ ವಿನೋದಮಯವಾದುದು. ನೇರ ಗೆರೆ ಎಳೆದರೆ ಎರಡು ನಗರಗಳ ಅಂತರ 130 ಕಿಲೋಮೀಟರಿಗೂ ಕಡಿಮೆ. ಹಾರಾಟಕ್ಕೆ ಒಂದು ಗಂಟೆಯೂ ಬೇಡ. 2010ರಲ್ಲಿ ಮಂಡಕಳ್ಳಿಯಿಂದ ಆರಂಭವಾದ ಬೆಂಗಳೂರು ವಿಮಾನ ಮರುವರ್ಷವೇ ನಿಂತಿತು. 2019ರಲ್ಲಿ ಉಡಾನ್ ಯೋಜನೆಯಡಿ ಮತ್ತೆ ಹಾರಿತು. ಆದರೆ ಲೆಕ್ಕ ಹಾಕಿ ನೋಡಿ: ಮೈಸೂರು ಬೆಂಗಳೂರಿನ ನೈಋತ್ಯಕ್ಕಿದೆ, ದೇವನಹಳ್ಳಿಯ ನಿಲ್ದಾಣ ಉತ್ತರಕ್ಕಿದೆ. ನಿಲ್ದಾಣಕ್ಕೆ ಹೋಗುವ ಹೊತ್ತು, ಅಲ್ಲಿ ಕಾಯುವ ಹೊತ್ತು, ಇಳಿದ ಮೇಲೆ ಊರು ಸೇರುವ ಹೊತ್ತು ಇವನ್ನು ಕೂಡಿಸಿದರೆ ರೈಲಿನ ಪ್ರಯಾಣಿಕನೇ ಮೊದಲು ಮನೆ ಮುಟ್ಟಿಯಾನು! ಹತ್ತಿರದ ಊರುಗಳಿಗೆ ರೆಕ್ಕೆ ಲಾಭದಾಯಕವಲ್ಲ.

ವಿಮಾನಕ್ಕೆ ಆಗದ ಕೆಲಸವನ್ನು ರಸ್ತೆ ಮಾಡಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಸುಮಾರು ಒಂದೂಕಾಲು ಗಂಟೆಗೆ ಇಳಿಯಿತೆಂದು ಸರ್ಕಾರ ಸಾರಿತು. ಮದ್ದೂರು, ಮಂಡ್ಯಗಳು ಬೈಪಾಸಿನ ಬದಿಗೆ ಸರಿದವು. ಹಳೆಯ ರಸ್ತೆಯ ಹೋಟೆಲು, ಅಂಗಡಿಗಳ ವ್ಯಾಪಾರ ಕುಗ್ಗಿತು. ಅಪಘಾತಗಳು ಹೆಚ್ಚಿದ ಕಾರಣ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯಪಥ ನಿಷಿದ್ಧವಾಯಿತು. ಭೂಮಿ ನಮ್ಮ ರೈತನದು, ಅದರ ಮೇಲಿನ ವೇಗ ದೂರದವರದು.

ಹಾಗೆಂದು ವೇಗವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೈಸೂರಿನ ಆಸ್ಪತ್ರೆಗೆ ಧಾವಿಸುವ ರೋಗಿಗೆ ಪ್ರತಿ ನಿಮಿಷವೂ ಪ್ರಾಣ. ಉಳಿದ ಹೊತ್ತು ಯಾರ ಪಾಲಿಗೆ ಸಂದಿತು ಎಂಬ ಲೆಕ್ಕವನ್ನಷ್ಟೇ ನಾವು ಇಡಬೇಕು. ನನ್ನ ಹಳೆಯ ವಿದ್ಯಾರ್ಥಿಗಳೇ, ಎರಡು ಊರುಗಳ ದೂರವನ್ನು ಕೇಳುವಾಗ ಅವುಗಳ ನಡುವೆ ಯಾವ ಯಾವ ಊರುಗಳಿವೆ ಎಂಬುದನ್ನೂ ಕೇಳಿ ತಿಳಿಯಿರಿ.