ಪಿಕಪ್ ಟ್ರಕ್ಕಿನ ಎಂಜಿನ್ ಟ್ಯೂನಿಂಗ್: ಹೆಚ್ಚಿದ ಶಕ್ತಿಯನ್ನು ಅಳೆಯುವುದು ಹೇಗೆ?

ನಮ್ಮ ಗ್ಯಾರೇಜುಗಳಲ್ಲಿ ‘ಪಿಕಪ್’ ಎಂಬ ಮಾತಿಗೆ ಎರಡು ಅರ್ಥ. ಹಿಂದೆ ತೆರೆದ ತೊಟ್ಟಿಯಿರುವ ಸರಕಿನ ಗಾಡಿ ಒಂದು. ಆಕ್ಸಿಲರೇಟರ್ ತುಳಿದೊಡನೆ ಗಾಡಿ ಮುಂದಕ್ಕೆ ನುಗ್ಗುವ ಗುಣ ಇನ್ನೊಂದು. ಮೊದಲನೆಯದನ್ನು ಕೊಂಡವರಲ್ಲಿ ಹಲವರು ಎರಡನೆಯದು ಸಾಲದೆಂದು ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಮ್ ಹಾಕಿಸುತ್ತಾರೆ. ಪಿಕಪ್ ಟ್ರಕ್ಕು ಮನೆಮನೆಯ ವಾಹನವಾಗಿರುವ ಅಮೆರಿಕದಲ್ಲಿ ಈ ಕೆಲಸವೇ ಒಂದು ದೊಡ್ಡ ವ್ಯಾಪಾರ. ಹಣ ಕೊಟ್ಟವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಹೆಚ್ಚಿತು? ಇದಕ್ಕೆ ಸರಿಯಾದ ಉತ್ತರ ಹುಡುಕುವುದು ಟ್ಯೂನ್ ಮಾಡುವುದಕ್ಕಿಂತ ಕಷ್ಟದ ಕೆಲಸ ಎಂದೇ ನನ್ನ ಅಭಿಪ್ರಾಯ.

ಕಂಪ್ಯೂಟರ್ ಒಳಗೆ ಬದಲಾಗುವುದು

ಇಸಿಯು ಎಂದು ಕರೆಯುವ ಈ ಪೆಟ್ಟಿಗೆಯೊಳಗೆ ಇರುವುದು ಕೋಷ್ಟಕಗಳು. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ ಎಂಬುದನ್ನು ನೋಡಿ, ಎಷ್ಟು ಇಂಧನ ಚಿಮ್ಮಿಸಬೇಕು, ಕಿಡಿ ಯಾವಾಗ ಹೊತ್ತಿಸಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು, ಗಿಯರ್ ಎಲ್ಲಿ ಬದಲಾಗಬೇಕು ಎಂಬುದನ್ನು ಈ ಕೋಷ್ಟಕಗಳು ಹೇಳುತ್ತವೆ. ಕಳಪೆ ಪೆಟ್ರೋಲು, ಮರುಭೂಮಿಯ ಬಿಸಿಲು, ವಾರಂಟಿ, ಹೊಗೆಯ ನಿಯಮ ಎಲ್ಲವನ್ನೂ ಲೆಕ್ಕ ಹಾಕಿ ತಯಾರಕರು ಒಂದಿಷ್ಟು ಅಂತರ ಉಳಿಸಿಕೊಂಡಿರುತ್ತಾರೆ. ಟ್ಯೂನರ್ ಆ ಅಂತರಕ್ಕೆ ಕೈ ಹಾಕುತ್ತಾನೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸಿಗುವ ಲಾಭ ಚಿಕ್ಕದು, ಏಕೆಂದರೆ ಒಳಬರುವ ಗಾಳಿಯನ್ನು ಪ್ರೋಗ್ರಾಮಿನಿಂದ ಹೆಚ್ಚಿಸಲಾಗದು. ಟರ್ಬೊ ಇದ್ದರೆ ಗಾಳಿಯ ಒತ್ತಡವನ್ನೇ ಏರಿಸಬಹುದು. ಫೋರ್ಡ್ ಎಫ್-150 ಟ್ರಕ್ಕಿಗೆ 2011ರ ಮಾದರಿಯಲ್ಲಿ 3.5 ಲೀಟರಿನ ಎರಡು ಟರ್ಬೊಗಳ ಎಕೋಬೂಸ್ಟ್ ಎಂಜಿನ್ ಬಂದಾಗ ಟ್ಯೂನರ್‌ಗಳು ಅದರ ಬೆನ್ನು ಹತ್ತಿದ್ದು ಇದೇ ಕಾರಣಕ್ಕೆ. ಕಂಪನಿ ಹೇಳಿದ ಲೆಕ್ಕದಂತೆ ಅದರ ಶಕ್ತಿ 5,000 ಆರ್‌ಪಿಎಂನಲ್ಲಿ 365 ಅಶ್ವಶಕ್ತಿ; ಟಾರ್ಕ್ 2,500 ಆರ್‌ಪಿಎಂನಲ್ಲಿ ಸುಮಾರು 570 ನ್ಯೂಟನ್ ಮೀಟರ್.

ಕಾಲಿಗೆ ತೋರುವುದು

ಟ್ಯೂನ್ ಆದ ಗಾಡಿಯನ್ನು ಮೊದಲ ಸಲ ಓಡಿಸಿದವರು ‘ಗಾಡಿಯೇ ಬೇರೆಯಾಗಿದೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಈಗಿನ ಟ್ರಕ್ಕುಗಳಲ್ಲಿ ಪೆಡಲಿಗೂ ಎಂಜಿನ್ನಿನ ಥ್ರಾಟಲಿಗೂ ನಡುವೆ ತಂತಿಹಗ್ಗವಿಲ್ಲ, ಕಂಪ್ಯೂಟರ್ ಇದೆ. ಪೆಡಲನ್ನು ಕಾಲುಭಾಗ ಒತ್ತಿದರೆ ಥ್ರಾಟಲ್ ಅರ್ಧ ತೆರೆಯುವಂತೆ ಬರೆದುಬಿಟ್ಟರೆ ಸಾಕು, ಗಾಡಿ ಚಿಗರೆಯಂತೆ ಜಿಗಿಯುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗ ಸಿಗುವ ಶಕ್ತಿ ಮಾತ್ರ ಮೊದಲಿನಷ್ಟೇ. ಹಾಗಾಗಿ ಅಳತೆಗಳನ್ನೆಲ್ಲ ಪೆಡಲ್ ನೆಲ ಮುಟ್ಟುವಂತೆ ಒತ್ತಿಯೇ ತೆಗೆಯಬೇಕು.

ಡೈನೋ ಮೇಲೆ

ಡೈನೋ ಎಂದರೆ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಶಕ್ತಿ ಅಳೆಯುವ ಯಂತ್ರ. ಇದರಲ್ಲಿ ಎರಡು ಬಗೆ. ಒಂದರಲ್ಲಿ ತೂಕ ಗೊತ್ತಿರುವ ಭಾರಿ ಉರುಳೆಯನ್ನು ಗಾಡಿ ಎಷ್ಟು ಬೇಗ ತಿರುಗಿಸಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ ವಿದ್ಯುತ್ ಬ್ರೇಕು ಉರುಳೆಯನ್ನು ತಡೆದು ಹಿಡಿಯುತ್ತದೆ. ಒಂದೇ ಟ್ರಕ್ಕಿಗೆ ಈ ಎರಡು ಯಂತ್ರಗಳು ಬೇರೆ ಬೇರೆ ಅಂಕಿ ಕೊಡುತ್ತವೆ; ಒಂದೇ ಬಗೆಯ ಎರಡು ಯಂತ್ರಗಳೂ ಹೊಂದುವುದಿಲ್ಲ. ಹಿಂದಿನ ವರ್ಷ ಒಂದೂರಿನಲ್ಲಿ ಅಳೆಸಿದ್ದನ್ನು ಈ ವರ್ಷ ಇನ್ನೊಂದೂರಿನ ಅಂಕಿಯಿಂದ ಕಳೆದು ಲಾಭ ಹೇಳುವುದು, ಬೇರೆ ಬೇರೆ ಅಂಗಡಿಯ ತಕ್ಕಡಿಗಳಲ್ಲಿ ತೂಗಿ ಮಗು ಬೆಳೆಯಿತೆಂದು ಹೇಳಿದಂತೆ.

ಇನ್ನೊಂದು ಗೊಂದಲವೂ ಇದೆ. ಕಂಪನಿ ಹೇಳುವುದು ಎಂಜಿನ್ನಿನ ಕ್ರ್ಯಾಂಕ್‌ನಲ್ಲಿ ಸಿಗುವ ಶಕ್ತಿ, ಡೈನೋ ತೋರಿಸುವುದು ಚಕ್ರಕ್ಕೆ ತಲುಪಿದ್ದು. ನಡುವೆ ಗಿಯರ್‌ಬಾಕ್ಸ್, ಆಕ್ಸಲ್, ಟೈರು ತಿಂದುಹಾಕುವುದು ನೂರಕ್ಕೆ ಹದಿನೈದರಷ್ಟು ಎಂಬುದು ಕಸುಬಿನವರ ರೂಢಿಯ ಅಂದಾಜು. ಈ ಅಂದಾಜಿನಿಂದ ಗುಣಿಸಿ ಕ್ರ್ಯಾಂಕಿನ ಅಂಕಿ ಕಟ್ಟಿ, ಅದರಿಂದ ಕಂಪನಿಯ ಅಂಕಿಯನ್ನು ಕಳೆದು ತೋರಿಸುವವರನ್ನು ನಂಬಬಾರದು. ಟ್ಯೂನ್‌ಗೆ ಮುನ್ನ ಅದೇ ಗಾಡಿಯನ್ನು ಅದೇ ಯಂತ್ರದ ಮೇಲೆ ಓಡಿಸಿದ ದಾಖಲೆಯೊಂದೇ ಬುಡ. ಅದಿಲ್ಲದಿದ್ದರೆ ಲಾಭದ ಮಾತೇ ಇಲ್ಲ.

ಆ ದಾಖಲೆ ತೆಗೆಯುವಾಗಲೂ ಒಂದೇ ಓಟ ಸಾಲದು. ಮೂರು ಸಲ ಓಡಿಸಿದರೆ ಮೂರು ಅಂಕಿ ಬರುತ್ತವೆ. ಏನೂ ಬದಲಿಸದೆಯೇ ಅವುಗಳ ನಡುವೆ ಆರು ಅಶ್ವಶಕ್ತಿಯ ವ್ಯತ್ಯಾಸ ಇದ್ದರೆ, ಟ್ಯೂನ್ ಆದ ಮೇಲೆ ಕಂಡ ಐದು ಅಶ್ವಶಕ್ತಿಗೆ ಅರ್ಥವಿಲ್ಲ. ಗಿಯರ್, ಟೈರಿನ ಗಾಳಿ, ಗಾಡಿಯನ್ನು ಬಿಗಿದ ಪಟ್ಟಿ, ಎಂಜಿನ್ ಎಣ್ಣೆಯ ಬಿಸಿ ಎಲ್ಲವೂ ಎರಡೂ ಸಲ ಒಂದೇ ಆಗಿರಬೇಕು. ಟ್ಯೂನ್ ಮಾಡುವ ದಿನವೇ ಟ್ಯಾಂಕಿಗೆ ಹೆಚ್ಚು ಆಕ್ಟೇನ್‌ನ ಪೆಟ್ರೋಲು ತುಂಬಿಸಿದ್ದರೆ, ಲಾಭದಲ್ಲಿ ಪೆಟ್ರೋಲಿನ ಪಾಲೆಷ್ಟು, ಪ್ರೋಗ್ರಾಮಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಹೊಸ ಪೆಟ್ರೋಲಿನಲ್ಲಿಯೇ ಹಳೆಯ ಪ್ರೋಗ್ರಾಮನ್ನೂ ಒಮ್ಮೆ ಓಡಿಸಿ ನೋಡಬೇಕು.

ಗಾಳಿಯ ಪಾಲು

ತಂಪು ಗಾಳಿ ದಟ್ಟ, ಬಿಸಿ ಗಾಳಿ ತೆಳು. ಹತ್ತು ಡಿಗ್ರಿ ಬಿಸಿ ಏರಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಎರಡಕ್ಕೂ ಒಂದೇ ಅಂಕಿ ಬರದಿರುವುದು ಇದರಿಂದಲೇ. ಇದನ್ನು ಸರಿಪಡಿಸಲು ವಾಹನ ಎಂಜಿನಿಯರ್‌ಗಳ ಎಸ್‌ಎಇ ಸಂಸ್ಥೆಯ ಜೆ1349 ಎಂಬ ಮಾನದಂಡವಿದೆ: ಎಲ್ಲ ಅಳತೆಗಳನ್ನೂ 25 ಡಿಗ್ರಿ ಸೆಲ್ಸಿಯಸ್, 99 ಕಿಲೋಪ್ಯಾಸ್ಕಲ್ ಒತ್ತಡದ ಒಣಗಾಳಿಗೆ ಹೊಂದಿಸಿ ಹೇಳಬೇಕು. ಹಳೆಯ ‘ಸ್ಟ್ಯಾಂಡರ್ಡ್’ ತಿದ್ದುಪಡಿ ಇನ್ನೂ ತಂಪಾದ ಗಾಳಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದರಿಂದ ಅದರ ಅಂಕಿ ನೂರಕ್ಕೆ ನಾಲ್ಕರಷ್ಟು ಹೆಚ್ಚು. ಡೈನೋ ಹಾಳೆಯ ಮೂಲೆಯಲ್ಲಿ ಯಾವ ತಿದ್ದುಪಡಿ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ.

ಸಮುದ್ರ ಮಟ್ಟದ ಮಂಗಳೂರಿಗೆ ಹೋಲಿಸಿದರೆ ಒಂಬೈನೂರು ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಸೊರಗುತ್ತದೆ, ತಿದ್ದುಪಡಿ ಅದನ್ನು ತುಂಬಿಕೊಡುತ್ತದೆ. ಟರ್ಬೊ ಎಂಜಿನ್ ಹಾಗಲ್ಲ. ತೆಳುಗಾಳಿಯನ್ನು ತಾನೇ ಒತ್ತಿ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಅದಕ್ಕೂ ಪೂರ್ತಿ ತಿದ್ದುಪಡಿ ಹಚ್ಚಿದರೆ ಇಲ್ಲದ ಅಶ್ವಶಕ್ತಿ ಕಾಗದದ ಮೇಲೆ ಹುಟ್ಟುತ್ತದೆ.

ಗೆರೆಯ ತುದಿ, ಗೆರೆಯ ನಡು

ಜಾಹೀರಾತಿನಲ್ಲಿ ಕಾಣುವುದು ಡೈನೋ ಹಾಳೆಯಲ್ಲಿ ಮೂಡುವ ಶಕ್ತಿಯ ಗೆರೆಯ ತುತ್ತತುದಿಯ ಅಂಕಿ. ಟ್ರಕ್ಕು ಬದುಕುವುದು ಗೆರೆಯ ನಡುವಿನಲ್ಲಿ. ನ್ಯೂಟನ್ ಮೀಟರಿನ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 2,500 ಆರ್‌ಪಿಎಂನಲ್ಲಿ 80 ನ್ಯೂಟನ್ ಮೀಟರ್ ಹೆಚ್ಚಿಸಿದ ಟ್ಯೂನು ಅಲ್ಲಿ 21 ಕಿಲೋವ್ಯಾಟ್, ಅಂದರೆ 28 ಅಶ್ವಶಕ್ತಿ ಕೊಟ್ಟಿದೆ. ತುದಿಯಲ್ಲಿ ಏನೂ ಹೆಚ್ಚದಿದ್ದರೂ ಗಾಡಿ ಎಳೆಯುವವರಿಗೆ ಅದೇ ನಿಜವಾದ ಲಾಭ.

ರಸ್ತೆಯ ಮೇಲೆ

ಡೈನೋ ಸಿಗದವರಿಗೆ ವೇಗವನ್ನೂ ಸಮಯವನ್ನೂ ಅಳೆಯುವ ಜಿಪಿಎಸ್ ಉಪಕರಣವಿದೆ. 2,500 ಕಿಲೋ ತೂಕದ ಟ್ರಕ್ಕು ಗಂಟೆಗೆ 80ರಿಂದ 110 ಕಿಲೋಮೀಟರಿಗೆ ಏರಲು ಬೇಕಾದ ಚಲನಶಕ್ತಿ ಸುಮಾರು 550 ಕಿಲೋಜೂಲ್. ನಾಲ್ಕು ಸೆಕೆಂಡಿನಲ್ಲಿ ಏರಿದರೆ ಸರಾಸರಿ 137 ಕಿಲೋವ್ಯಾಟ್, 3.6 ಸೆಕೆಂಡಿನಲ್ಲಿ ಏರಿದರೆ 153. ಗಾಳಿಯ ಎದುರೊತ್ತು, ಟೈರಿನ ಘರ್ಷಣೆ ಇದರ ಮೇಲೆ. ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಉಳಿದರೆ ಇಪ್ಪತ್ತು ಅಶ್ವಶಕ್ತಿ ಎಂದಾಯಿತು. ಆದರೆ ರಸ್ತೆ ನೂರು ಮೀಟರಿಗೆ ಒಂದು ಮೀಟರ್ ಏರಿದರೂ ಆ ಎರಡು ವೇಗಗಳ ನಡುವೆ ಸರಾಸರಿ ಆರೂವರೆ ಕಿಲೋವ್ಯಾಟ್ ಕಳೆದುಹೋಗುತ್ತದೆ, ಅಂದರೆ ಒಂಬತ್ತು ಅಶ್ವಶಕ್ತಿಗೆ ಹತ್ತಿರ. ಇಷ್ಟು ಏರು ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಒಂದೇ ರಸ್ತೆಯಲ್ಲಿ ಹೋಗುತ್ತಾ ಬರುತ್ತಾ ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯುವುದು. ಇದನ್ನು ಮುಚ್ಚಿದ ಪಥದಲ್ಲಿ ಮಾಡಬೇಕು, ಜನ ಓಡಾಡುವ ಹೆದ್ದಾರಿಯಲ್ಲಲ್ಲ.

ಅಮೆರಿಕದ ಡ್ರ್ಯಾಗ್ ಪಥಗಳಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ಓಡಿಸುತ್ತಾರೆ. ಅಲ್ಲಿ ತೆಗೆದುಕೊಂಡ ಸಮಯಕ್ಕಿಂತ ಕೊನೆಯ ಗೆರೆ ದಾಟುವಾಗಿನ ವೇಗ ಶಕ್ತಿಯನ್ನು ಚೆನ್ನಾಗಿ ಹೇಳುತ್ತದೆ. ಸಮಯ ಟೈರಿನ ಹಿಡಿತವನ್ನೂ ಚಾಲಕನ ಕೈಚಳಕವನ್ನೂ ಅವಲಂಬಿಸಿದೆ.

ಹೊಗೆಯ ಲೆಕ್ಕ

ಅಶ್ವಶಕ್ತಿಯ ಹಾಳೆಯಲ್ಲಿ ಬರದ ಅಳತೆ ಇದು. ಡೀಸೆಲ್ ಟ್ರಕ್ಕುಗಳಲ್ಲಿ ಹೊಗೆ ಶುದ್ಧಿಯ ಉಪಕರಣಗಳನ್ನೇ ಕಿತ್ತು ಟ್ಯೂನ್ ಮಾಡುವವರಿದ್ದಾರೆ. ಹಿಂದಿನ ಹತ್ತು ವರ್ಷಗಳಲ್ಲಿ ಹೀಗಾದ ಪಿಕಪ್‌ಗಳು ಐದೂವರೆ ಲಕ್ಷಕ್ಕೂ ಹೆಚ್ಚೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಅಲ್ಲಿ ಇದು ಕಾನೂನುಬಾಹಿರ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮೂ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ.

ಹೊರೆ ಹೊತ್ತ ಏರು

ಡೈನೋ ಓಟ ಮುಗಿಯುವುದು ಹತ್ತು ಹದಿನೈದು ಸೆಕೆಂಡಿನಲ್ಲಿ. ಟ್ರೇಲರ್ ಎಳೆಯುವ ಟ್ರಕ್ಕಿನ ದುಡಿಮೆ ನಿಮಿಷಗಟ್ಟಲೆ. ಎಳೆಯುವ ಸಾಮರ್ಥ್ಯ ಅಳೆಯುವ ಎಸ್‌ಎಇ ಜೆ2807 ಪರೀಕ್ಷೆಗೆ ಮಾದರಿಯಾಗಿರುವುದು ಅರಿಜೋನಾದ ಡೇವಿಸ್ ಡ್ಯಾಮ್ ಏರು: ಸುಮಾರು 18 ಕಿಲೋಮೀಟರ್ ದೂರ, 38 ಡಿಗ್ರಿ ಬಿಸಿಲು, ಎಸಿ ಪೂರ್ತಿ ಚಾಲೂ. ಇಂಥ ಏರಿನಲ್ಲಿ ಟರ್ಬೊ ದಾಟಿ ಬರುವ ಗಾಳಿ ಕಾಯುತ್ತದೆ, ಇಂಧನ ಅಕಾಲದಲ್ಲಿ ಸಿಡಿಯತೊಡಗುತ್ತದೆ, ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡೊಡನೆ ಇಸಿಯು ಕಿಡಿಯನ್ನು ತಡಮಾಡಿಸುತ್ತದೆ. ಶಕ್ತಿ ಕುಸಿಯುತ್ತದೆ. 1996ರಿಂದ ಅಮೆರಿಕದ ಲಘು ವಾಹನಗಳಲ್ಲಿ ಕಡ್ಡಾಯವಾಗಿರುವ, ದೋಷಪತ್ತೆಯ ಓಬಿಡಿ-2 ಕಿಂಡಿಗೆ ಲಾಗರ್ ಸಿಕ್ಕಿಸಿದರೆ ಕಿಡಿಯ ಸಮಯ, ಒಳಗಾಳಿಯ ಬಿಸಿ, ಟರ್ಬೊ ಒತ್ತಡ ಕ್ಷಣಕ್ಷಣಕ್ಕೂ ದಾಖಲಾಗುತ್ತವೆ. ಅದೇ ಹೊರೆ, ಅದೇ ಏರು. ಹಳೆಯ ಪ್ರೋಗ್ರಾಮಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ. ಐದನೆಯ ನಿಮಿಷದ ಸಾಲಿನಲ್ಲಿ ಎರಡರ ವೇಗವನ್ನೂ ಕಿಡಿಯ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಡೈನೋ ಹಾಳೆಯ ಲಾಭದಲ್ಲಿ ಎಷ್ಟು ಉಳಿದಿದೆ ಎಂಬುದು ಅಲ್ಲೇ ಕಾಣುತ್ತದೆ.