ಏಳು ಇಂಚಿನ ಬೆಲೆ

ನಮ್ಮಪ್ಪ ಸರಕಾರಿ ಅಧಿಕಾರಿ. ಕಚೇರಿಯ ಕೆಲಸದ ಮೇಲೆ ಅವರು ಬೆಂಗಳೂರಿಗೆ ಹೊರಟಾಗ, ಶಾಲೆಗೆ ಸೂಟಿ ಇದ್ದರೆ, ನಮ್ಮನ್ನೂ ಕರೆದುಕೊಂಡು ಹೋಗಿ ಸೋದರಮಾವನ ಮನೆಯಲ್ಲಿ ಬಿಡುತ್ತಿದ್ದರು. ಇದು 1960ರ ದಶಕದ ಮಾತು. ಒಂದೇ ರೈಲು, ಆದರೆ ಅಪ್ಪನಿಗೆ ಫಸ್ಟ್ ಕ್ಲಾಸು, ಅವ್ವನಿಗೂ ನಮಗೂ ಥರ್ಡ್ ಕ್ಲಾಸು. ಅಪ್ಪನ ಟಿಕೀಟಿನ ಹಣವನ್ನು ಸರಕಾರ ಕೊಡುತ್ತಿತ್ತು, ನಮ್ಮದನ್ನು ಅಪ್ಪ ಕೊಡಬೇಕು. ಹಲಗೆಯ ಸೀಟಿನ ಮೇಲೆ ಅವ್ವ ಒಂದು ಜಮಖಾನೆ ಹಾಸಿ, ನಮ್ಮಿಬ್ಬರನ್ನು ಮಲಗಿಸಿ, ತಾನು ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಇಡೀ ರಾತ್ರಿ ಕೂತಿರುತ್ತಿದ್ದಳು. ಅರಸೀಕೆರೆ ಬಂದಾಗ ಅಪ್ಪ ಕಿಟಕಿಯ ಹತ್ತಿರ ಬಂದು, "ಎಲ್ಲಾ ಛಲೋ ಇದೀರೇನು?" ಎಂದು ಕೇಳಿ, ಅವ್ವನಿಗೆ ಒಂದು ಕಪ್ಪು ಕಾಫಿ ಕೊಡಿಸಿ ಹೋಗುತ್ತಿದ್ದರು. ನಮ್ಮಪ್ಪ ಕೆಟ್ಟವರೇನಲ್ಲ ನೋಡಿ. ಅದು ಹಾಗೇ ಇರತಕ್ಕದ್ದು ಎಂದು ಅವರೂ ತಿಳಿದಿದ್ದರು, ಅವ್ವನೂ ತಿಳಿದಿದ್ದಳು. "ನಿಮ್ಮಪ್ಪಂದು ಸರಕಾರ ಕೊಡೂ ಗಾದಿ, ನಮ್ದು ನಾವು ಕೊಂಡ ಹಲಗಿ" ಎಂದು ನಗುತ್ತಿದ್ದಳು.

ಇದೆಲ್ಲ ಮತ್ತೆ ನೆನಪಾದದ್ದು 2019ರಲ್ಲಿ, ಮಗಳು ಅಮೆರಿಕದಿಂದ ಫೋನು ಮಾಡಿದಾಗ. ಎರಡನೆಯ ಬಾಣಂತನಕ್ಕೆ ನಾನು ಹೊರಡಬೇಕಿತ್ತು. "ಅಮ್ಮಾ, ಈ ಸಲ ನೀ ಸುಮ್ನಿರು, ನಿನಗ ಪ್ರೀಮಿಯಂ ಎಕಾನಮಿ ಸೀಟು ಬುಕ್ ಮಾಡ್ತೀವಿ" ಅಂದಳು. ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿದೆ. ಒಂದು ದಾರಿಗೆ 40,000 ರೂಪಾಯಿಯ ಹತ್ತಿರ ಹತ್ತಿರ. "ಅದಕ್ಕೇನು ವಿಮಾನ ಎರಡು ತಾಸು ಲಗೂನ ಮುಟ್ಟತದೇನು?" ಅಂದೆ. ಮುಟ್ಟುವುದಿಲ್ಲ. ಸಾಮಾನ್ಯ ಸೀಟಿನಲ್ಲಿ ಮುಂದಿನ ಸಾಲಿಗೂ ನಮ್ಮ ಸಾಲಿಗೂ 31 ಇಂಚಿನ ಆಸುಪಾಸು ಅಂತರ, ಆ ಸೀಟಿನಲ್ಲಿ 38 ಇಂಚು. ಅಗಲದಲ್ಲಿ ಒಂದು ಒಂದೂವರೆ ಇಂಚು ಹೆಚ್ಚು, ಊಟ ತುಸು ಮೇಲು. ಒಟ್ಟಿನಲ್ಲಿ ಏಳು ಇಂಚಿಗೆ 40,000 ರೂಪಾಯಿ! ನಮ್ಮ ಮನೆಯಲ್ಲಿ ಇವರು ಆಗಲೇ ಭಾಗಾಕಾರ ಮಾಡಿ, ಇಂಚಿಗೆ ಐದೂವರೆ ಸಾವಿರದ ಮೇಲಾಯಿತು, ಬೆಂಗಳೂರಿನಲ್ಲೂ ಜಾಗ ಅಷ್ಟು ತುಟ್ಟಿ ಇಲ್ಲ ಅಂದರು.

ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳಿಗೆ ಒಂದು ದುರಭ್ಯಾಸ. ಯಾವುದನ್ನು ಕೊಳ್ಳುವ ಮೊದಲೂ ಇದು ಯಾವಾಗ ಹುಟ್ಟಿತು, ಯಾರು ಹುಟ್ಟಿಸಿದರು ಎಂದು ಕೇಳಬೇಕು ಅನಿಸುತ್ತದೆ. ವಿಮಾನದ ಸೀಟಿಗೆ ಜಾತಿ ಬಂದದ್ದು ಯಾವಾಗ?

ಮೊದಲು ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಪುಟ್ಟ ವಿಮಾನವೊಂದನ್ನು ತಾವೇ ಹಾರಿಸಿ ತಂದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋದರು. ಅದರಲ್ಲಿದ್ದದ್ದು ಟಪಾಲು. ಬಳ್ಳಾರಿಯ ಬಿಸಿಲಿಗೆ ಇಳಿದ ಆ ಕಾಗದಗಳಲ್ಲಿ ಮೇಲು ಕೀಳು ಇರಲಿಲ್ಲ. ಆಮೇಲೆ ಜನ ಹಾರತೊಡಗಿದಾಗಲೂ ಬಹಳ ಕಾಲ ವಿಮಾನಕ್ಕೆ ಒಂದೇ ದರ್ಜೆ, ಏಕೆಂದರೆ ಹತ್ತುವವರೆಲ್ಲ ಸಿರಿವಂತರೇ. 1948ರ ಜೂನ್ 8ರಂದು ಮುಂಬಯಿಯಿಂದ ಕೈರೋ, ಜಿನೀವಾ ಹಾದು ಲಂಡನ್ನಿಗೆ ಹೋದ ನಮ್ಮ ದೇಶದ ಮೊದಲ ವಿಮಾನ 'ಮಲಬಾರ್ ಪ್ರಿನ್ಸೆಸ್'ನಲ್ಲಿದ್ದವರು ಎಂಥವರು ಎಂದು ಬೇರೆ ಹೇಳಬೇಕೇ? ಮಹಾರಾಜರೇ ಅದರಲ್ಲಿ ಕೂತಿದ್ದರು.

ಅಟ್ಲಾಂಟಿಕ್ ಸಾಗರದ ಮೇಲೆ ಅಗ್ಗದ 'ಟೂರಿಸ್ಟ್' ದರ್ಜೆ ಬಂದದ್ದು 1952ರಲ್ಲಿ. ಅದೇ ವಿಮಾನ, ಅದೇ ಉದ್ದ, ಸಾಲುಗಳನ್ನು ಮಾತ್ರ ಒತ್ತೊತ್ತಾಗಿ ಕೂರಿಸಿದರು. 1958ರಲ್ಲಿ ಇನ್ನೂ ಅಗ್ಗದ್ದು ಬಂತು, ಅದರ ಹೆಸರೇ 'ಎಕಾನಮಿ'. ಆಗ ನಡೆದ ಒಂದು ಜಗಳ ನನಗೆ ಬಹಳ ಇಷ್ಟ. ವಿಮಾನ ಕಂಪನಿಗಳೆಲ್ಲ ಸೇರಿ ಒಂದು ಕರಾರು ಮಾಡಿಕೊಂಡಿದ್ದವು: ಎಕಾನಮಿಯವರಿಗೆ ಬಿಸಿಯೂಟ ಇಲ್ಲ, ಕೇವಲ ಸಾದಾ, ತಣ್ಣನೆಯ ಸ್ಯಾಂಡ್‌ವಿಚ್. ಆದರೆ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನವರು ತಮ್ಮ ದೇಶದ ಪದ್ಧತಿಯಂತೆ ರೊಟ್ಟಿಯ ತುಂಡಿನ ಮೇಲೆ ಮಾಂಸ, ಮೀನು, ಗಿಣ್ಣು ಎಲ್ಲ ಪೇರಿಸಿ ಕೊಡತೊಡಗಿದರು. ಅಮೆರಿಕದ ಪ್ಯಾನ್ ಆಮ್ ಕಂಪನಿ ದೂರು ಕೊಟ್ಟಿತು, ಇದು ಸ್ಯಾಂಡ್‌ವಿಚ್ ಅಲ್ಲ, ಊಟ ಎಂದು. ವಿಚಾರಣೆ ನಡೆದು ಸ್ಕ್ಯಾಂಡಿನೇವಿಯನ್ನರಿಗೆ ದಂಡ ಬಿತ್ತು! ಹಸಿದವರಿಗೆ ಹೆಚ್ಚು ಬಡಿಸಿದ್ದಕ್ಕೆ ದಂಡ. ಮನೆಗೆ ಬಂದವರಿಗೆ ಎರಡು ಸಲ ಬಡಿಸದೆ ಬಿಡದ ನಮ್ಮಂಥ ಹೆಂಗಸರಿಗೆ ಇದು ಅರ್ಥವಾಗುವುದೇ ಕಷ್ಟ. ಎಕಾನಮಿಯ ಊಟ ಚೆನ್ನಾಗಿದ್ದರೆ ಮೇಲಿನ ದರ್ಜೆಗೆ ಹಣ ಕೊಡುವವರು ಯಾರು ಎಂಬುದೇ ಅವರ ಚಿಂತೆ.

ಈ ಲೆಕ್ಕ ವಿಮಾನಕ್ಕಿಂತ ಹಳೆಯದು. ಇಂಗ್ಲೆಂಡಿನ ಮೊದಮೊದಲಿನ ರೈಲುಗಳಲ್ಲಿ ಬಡವರಿಗೆ ಚಾವಣಿಯೂ ಇಲ್ಲದ ಬೋಗಿಗಳಿದ್ದವು. 1841ರ ಕ್ರಿಸ್‌ಮಸ್ಸಿನ ಮುನ್ನಾದಿನ ಸಾನಿಂಗ್ ಎಂಬಲ್ಲಿ ಕುಸಿದ ಮಣ್ಣಿಗೆ ರೈಲು ಡಿಕ್ಕಿ ಹೊಡೆದು, ಹಬ್ಬಕ್ಕೆ ಊರಿಗೆ ಹೊರಟಿದ್ದ ಕೂಲಿಕಾರರು ತೆರೆದ ಬೋಗಿಗಳಿಂದ ಎಸೆಯಲ್ಪಟ್ಟರು. ಎಂಟು ಜನ ಅಲ್ಲೇ ಸತ್ತರು. 1844ರಲ್ಲಿ ಕಾನೂನು ಬಂದು ಮೂರನೆಯ ದರ್ಜೆಗೂ ಸೂರು ಬೇಕು ಎಂದಾಯಿತು. ಫ್ರಾನ್ಸಿನಲ್ಲೂ ಸೂರಿಲ್ಲದ ಬೋಗಿಗಳಿದ್ದವು. ಅಲ್ಲಿನ ಇಂಜಿನಿಯರ್ ಜೂಲ್ ದ್ಯುಪ್ವಿ 1849ರಲ್ಲಿ ಇದರ ಗುಟ್ಟನ್ನು ಬಿಡಿಸಿ ಬರೆದ. ಸೂರು ಹಾಕುವ ಖರ್ಚು ದೊಡ್ಡದೇನಲ್ಲ, ಬಡವರನ್ನು ಗೋಳಾಡಿಸುವ ಆಸೆಯೂ ಕಂಪನಿಗಿಲ್ಲ. ಎರಡನೆಯ ದರ್ಜೆಯ ಹಣ ಕೊಡಬಲ್ಲವನು ಮೂರನೆಯದರಲ್ಲಿ ಕೂರದಿರಲಿ ಎಂದು ಅದನ್ನು ಹಾಗೆ ಇಟ್ಟಿದ್ದಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಇದನ್ನು ಓದಿದಾಗ ನನಗೆ ಅವ್ವನ ಹಲಗೆ ಕಣ್ಣಿಗೆ ಕಟ್ಟಿತು. ಕೆಳಗಿನ ಸೀಟಿನ ನೋವು ಬಹಳಷ್ಟು ಸಲ ಮೇಲಿನ ಸೀಟಿನ ಜಾಹೀರಾತು. ನಮ್ಮಲ್ಲಿ ಗಾಂಧೀಜಿ 1917ರಲ್ಲಿ ಮೂರನೆಯ ದರ್ಜೆಯ ಪಾಡಿನ ಬಗ್ಗೆ ಬರೆದರು. ಆ ದರ್ಜೆ ಹೋದದ್ದು 1974ರಲ್ಲಿ, ಬೋಗಿಗಳ ಮೇಲೆ ಮೂರು ಅಳಿಸಿ ಎರಡು ಬರೆದರು. ಅವ್ವ ಆಗ, "ನೋಡ್ರಿ, ಕೂತಲ್ಲೇ ಮ್ಯಾಲೇರಿದ್ವಿ" ಅಂದಿದ್ದಳು.

ವಿಮಾನದಲ್ಲಿ ಆದದ್ದು ಇದರ ತಿರುವುಮುರುವು. 1970ರಲ್ಲಿ ಜಂಬೋ ವಿಮಾನ ಬಂದು ಸೀಟುಗಳು ತುಂಬ ಹೆಚ್ಚಿದವು, ರಿಯಾಯಿತಿಯ ಟಿಕೀಟುಗಳೂ ಹೆಚ್ಚಿದವು. ಪೂರ್ತಿ ದರ ಕೊಟ್ಟ ವ್ಯಾಪಾರಸ್ಥ, ಅರ್ಧ ಕೊಟ್ಟವನ ಪಕ್ಕ ನಾನೇಕೆ ಕೂರಲಿ ಎಂದ. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಅವನಿಗಾಗಿ 'ಬಿಸಿನೆಸ್ ಕ್ಲಾಸ್' ಹುಟ್ಟಿತು. ಅದು ವರ್ಷದಿಂದ ವರ್ಷಕ್ಕೆ ಬೆಳೆದು ಮಲಗುವ ಹಾಸಿಗೆಯೇ ಆಯಿತು, ಹಿಂದೆ ಕೂತವರಿಗೂ ಅದಕ್ಕೂ ನಡುವೆ ಕಂದಕ ಬಿತ್ತು. ಆ ಕಂದಕದ ಮೇಲೆ ಕಟ್ಟಿದ ಕಾಲುಸೇತುವೆಯೇ ಪ್ರೀಮಿಯಂ ಎಕಾನಮಿ. ತೊಂಬತ್ತರ ದಶಕದ ಆರಂಭದಲ್ಲಿ ತೈವಾನಿನ ಇವಾ ಏರ್, ಇಂಗ್ಲೆಂಡಿನ ವರ್ಜಿನ್ ಅಟ್ಲಾಂಟಿಕ್ ಇದನ್ನು ಶುರು ಮಾಡಿದವು. ನಮ್ಮ ದೇಶದೊಳಗಿನ ಹಾರಾಟಕ್ಕೆ 2015ರಲ್ಲಿ ವಿಸ್ತಾರ ತಂದಿತು. ಆ ಕಂಪನಿ 2024ರಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು.

ಎಲ್ಲರಿಗೂ ಜಾಗ ಬಿಟ್ಟು ನೋಡಿದವರೂ ಇದ್ದಾರೆ. 2000ದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ವಿಮಾನಗಳಿಂದ ಕೆಲವು ಸಾಲು ಕಿತ್ತು ಎಕಾನಮಿಯವರೆಲ್ಲರ ಮೊಣಕಾಲಿಗೆ ಜಾಗ ಕೊಟ್ಟಿತು. ಜನ ಹೊಗಳಿದರು, ಟಿಕೀಟು ಮಾತ್ರ ಎಲ್ಲಿ ಅಗ್ಗವೋ ಅಲ್ಲಿ ಕೊಂಡರು. ಕೆಲವೇ ವರ್ಷಗಳಲ್ಲಿ ಸಾಲುಗಳು ಮರಳಿ ಬಂದವು. ತಪ್ಪು ಕಂಪನಿಗಳದ್ದು ಮಾತ್ರ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹತ್ತು ರೂಪಾಯಿ ಕಡಿಮೆ ಎಂದರೆ ಇನ್ನೊಂದು ಓಣಿಗೆ ಹೋಗಿ ಕಾಯಿಪಲ್ಯ ತರುವವಳು ನಾನೂ.

ಇಷ್ಟೆಲ್ಲ ತಿಳಿದ ಮೇಲೆ ಕೊಡಬಾರದು ಎಂದೇ ನಿರ್ಧರಿಸಬೇಕಿತ್ತು. ಆದರೆ 2011ರ ನೆನಪು ಬಿಡಲಿಲ್ಲ. ಆಗ ಮಗಳಿಗೆ ಎರಡು ವಾರ ಮೊದಲೇ ಹೆರಿಗೆಯಾಗಿ, ನಾನು ಗಡಿಬಿಡಿಯಿಂದ ಹೊರಟು, ಅಗ್ಗದ ಟಿಕೀಟಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂದು ಹಿಗ್ಗಿ ಕೂತೆ. ಪಕ್ಕದ ಇಬ್ಬರು ನಿದ್ದೆ ಹೋಗಿದ್ದರು. ಎಬ್ಬಿಸಲು ಸಂಕೋಚ. ನೀರು ಕುಡಿದರೆ ಏಳಬೇಕಾದೀತೆಂದು ನೀರನ್ನೂ ಕುಡಿಯಲಿಲ್ಲ. ಇಳಿದಾಗ ಪಾದ ಊದಿ ಚಪ್ಪಲಿಯೊಳಗೆ ಹೋಗಲೊಲ್ಲದು. ಮನೆ ಮುಟ್ಟಿದ ದಿನ, ಐದು ದಿನದ ಬಾಣಂತಿ ಎದ್ದು ಬಂದು ನನ್ನ ಕಾಲಿಗೆ ಬಿಸಿನೀರು ಕಾಯಿಸಿ ಕೊಟ್ಟಳು. ಮೂರು ದಿನ ನಾನು ಕೂಸನ್ನು ಎತ್ತಿಕೊಳ್ಳಲಿಲ್ಲ. ಬಾಣಂತನ ಮಾಡಲು ಹೋದವಳು ಮಾಡಿಸಿಕೊಂಡು ಕೂತೆ. ಆ ನಾಚಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಬರೀ ಊತ ಒಂದಾದರೆ ಇಳಿದೀತು. ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಕಳಚಿ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಸಂಚಕಾರ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ನೆಲಮಾಳಿಗೆಗಳಲ್ಲಿ ಮಡಿಚುವ ಕುರ್ಚಿಯ ಮೇಲೆ ರಾತ್ರಿ ಕಳೆದವರು ಹೀಗೆ ಸಾಯುವುದನ್ನು ಅಲ್ಲಿಯ ವೈದ್ಯರು ಗಮನಿಸಿದ್ದರು. 1954ರಲ್ಲಿ ಬೋಸ್ಟನ್ನಿನ ಡಾ. ಹೋಮನ್ಸ್ ಇದೇ ತೊಂದರೆಯನ್ನು ವಿಮಾನದಲ್ಲಿ ಕೂತವರಲ್ಲಿ ಗುರುತಿಸಿದರು. 1977ರಲ್ಲಿ ಇದಕ್ಕೆ 'ಎಕಾನಮಿ ಕ್ಲಾಸ್ ಸಿಂಡ್ರೋಮ್' ಎಂಬ ಹೆಸರು ಬಿತ್ತು. ಹೆಸರು ಕೇಳಿದವರಿಗೆಲ್ಲ, ದುಡ್ಡು ಕೊಟ್ಟು ಮುಂದೆ ಕೂತರೆ ಪಾರು ಎಂದೇ ಅನಿಸುತ್ತದೆ. ಆದರೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಬೇರೆ. ನಾಲ್ಕು ತಾಸಿಗೂ ಹೆಚ್ಚು ಅಲುಗಾಡದೆ ಕೂತರೆ ಅಪಾಯ ಸುಮಾರು ಇಮ್ಮಡಿ, ಅದು ಕಾರು, ಬಸ್ಸು, ರೈಲಿನಲ್ಲೂ ಅಷ್ಟೇ. ಆದರೂ ಆರೋಗ್ಯವಂತರಲ್ಲಿ ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. 2012ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ, ಸೀಟಿನ ದರ್ಜೆಯೇ ಕಾರಣ ಎಂಬುದಕ್ಕೆ ಪುರಾವೆ ಇಲ್ಲ, ಕಿಟಕಿಯ ಪಕ್ಕ ಕೂತವರು ಏಳುವುದಿಲ್ಲವಾದ್ದರಿಂದ ಅವರಿಗೇ ಅಪಾಯ ಹೆಚ್ಚು ಎಂದಿತು. ಗರ್ಭಿಣಿಯರು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು, ಮೈಭಾರ ಉಳ್ಳವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ಹೊರಡುವ ಮೊದಲು ಡಾಕ್ಟರನ್ನು ಕೇಳಬೇಕು. ಮೊಣಕಾಲ ಕೆಳಗಿನ ಬಿಗಿ ಕಾಲುಚೀಲ ಬೇಕೇ ಎಂದು ಅವರು ಹೇಳುತ್ತಾರೆ. ಅಂದರೆ 2011ರಲ್ಲಿ ನನಗೆ ಕಡಿಮೆಯಾಗಿದ್ದದ್ದು ಏಳು ಇಂಚು ಮಾತ್ರವಲ್ಲ. ಪಕ್ಕದವರನ್ನು ಎಬ್ಬಿಸುವ ಧೈರ್ಯ ಇರಲಿಲ್ಲ.

ಹಾಗಾದರೆ ಕೊಟ್ಟೆನೋ ಬಿಟ್ಟೆನೋ? ಹೋಗುವಾಗ ಕೊಟ್ಟೆ, ಅದೂ ನನ್ನ ಪೆನ್ಶನ್ನಿನ ಹಣ. ಅಳಿಯನಿಂದ ಕೊಡಿಸಲಿಲ್ಲ. ಇವರು, "ಇಂಚಿಗೆ ಐದೂವರೆ ಸಾವಿರ" ಎಂದು ಮತ್ತೊಮ್ಮೆ ನೆನಪಿಸಿದಾಗ, "ಅರಸೀಕೆರಿ ಕಾಫಿದೂ ಲೆಕ್ಕಾ ಹಿಡೀರಿ" ಅಂದೆ. ಅವರಿಗೆ ಗೊತ್ತಾಗಲಿಲ್ಲ. ಆ ಸೀಟಿನಲ್ಲಿ ನಾಲ್ಕು ತಾಸು ಗಟ್ಟಿ ನಿದ್ದೆ ಬಂತು. ಊಟದ ವಿಷಯ ಬೇಡ, ಅದಕ್ಕೆ ಯಾರೂ ಹೆಚ್ಚು ಕೊಡಬೇಡಿ. ಇಳಿದ ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಎರೆದೆ.

ಬರುವಾಗ ಕೊಡಲಿಲ್ಲ. ಧಾರವಾಡದಲ್ಲಿ ನನಗಾಗಿ ಯಾವ ಕೂಸೂ ಕಾಯುತ್ತಿರಲಿಲ್ಲ, ಎರಡು ದಿನ ಹಾಸಿಗೆ ಹಿಡಿದರೆ ಇವರೇ ಅನ್ನ ಮಾಡುತ್ತಾರೆ. ಸಾಮಾನ್ಯ ದರ್ಜೆಯಲ್ಲೇ, ನಡೆದಾಡುವ ದಾರಿಯ ಪಕ್ಕದ ಸೀಟು ಕೇಳಿ ತೆಗೆದುಕೊಂಡೆ. ಕಿಟಕಿಯ ಹತ್ತಿರ ನನ್ನದೇ ವಯಸ್ಸಿನ ಒಬ್ಬರು, ಅವರೂ ಬಾಣಂತನ ಮುಗಿಸಿ ಹೊರಟವರು, ಸೆರಗು ಹೊದ್ದು ಮುದುಡಿ ಕೂತಿದ್ದರು. ಐದು ತಾಸಾದರೂ ಏಳಲಿಲ್ಲ. ನೀರು ಕೊಟ್ಟರೆ ಒಲ್ಲೆ ಅಂದರು. "ಏಳ್ರಿ, ನಾನೂ ಕಾಲು ಆಡಿಸಬೇಕು" ಎಂದೆ. "ನಡುವೆ ಆ ಹುಡುಗ ಮಲಗ್ಯಾನಲ್ರೀ, ಪಾಪ" ಅಂದರು. ಹುಡುಗನ ಭುಜ ತಟ್ಟಿ ನಾನೇ ಎಬ್ಬಿಸಿದೆ. ಅವನು ನಗುತ್ತ ಎದ್ದು ದಾರಿ ಬಿಟ್ಟ. ಇಬ್ಬರೂ ಸೀಟುಗಳ ಬೆನ್ನು ಹಿಡಿದುಕೊಂಡು ಮೆಲ್ಲಗೆ ಮುಂದಿನ ಪರದೆಯವರೆಗೆ ಹೋದೆವು, ಅಲ್ಲಿ ತಿರುಗಿ ಹಿಂದಿನ ಕೊನೆಯವರೆಗೆ ಬಂದೆವು. "ಇನ್ನೊಂದು ಸಲ ಹೋಗೂಣೇನ್ರಿ?" ಎಂದು ಅವರೇ ಕೇಳಿದರು.